ಡೀಫಾಲ್ಟ್ ಯಾರದು?

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಆ ಬೆಳಿಗ್ಗೆ ರಂಪ ಎದ್ದದ್ದು ಒಂದು ಖಾಲಿ ಕಾಲಮ್ಮಿನಿಂದ. ದೂರುಗಳ ಡೇಟಾಬೇಸಿಗೆ ಹೊಸ ಟೇಬಲ್ ಕಟ್ಟುವ ಸ್ಕ್ರಿಪ್ಟ್ ಬರೆಯುತ್ತಿದ್ದ ನಮ್ಮ ಟೇಬಲಪ್ಪ, ಯಾವ ಕಟ್ಟಡ, ಯಾವ ದಿನ ಎಂದೆಲ್ಲ ಮುಗಿಸಿ 'ಹೊಣೆ' ಎಂಬ ಕಾಲಮ್ಮಿಗೆ ಬಂದು ನಿಂತ. ಟೇಬಲಪ್ಪ ಎಂಬುದು ಆಫೀಸಿನವರು ಇಟ್ಟ ಹೆಸರು. ಅಳಿಯ ದಿನವಿಡೀ ಟೇಬಲ್ ಮಾಡುತ್ತಾನೆಂದು ಕೇಳಿದ ಅತ್ತೆಯಂತೂ, ತಮಗೊಂದು ಮಂಚವನ್ನೂ ಮಾಡಿಕೊಟ್ಟಾನೆಂದು ಇನ್ನೂ ಕಾಯುತ್ತಿದ್ದಾರೆ.

"ಸಾರ್, ಇದನ್ನ ಯಾರೂ ತುಂಬದೆ ಬಿಟ್ರೆ ಡೀಫಾಲ್ಟ್ ಏನು ಹಾಕ್ಲಿ?" ಎಂದು ಮ್ಯಾನೇಜರನ್ನು ಕೇಳಿದ. ಕೇಳಬಾರದಿತ್ತು.

"ಫಾಲ್ಟಾ? ಟೇಬಲ್ ನಿಮ್ದು, ಫಾಲ್ಟೂ ನಿಮ್ದೇ. ನಿಮ್ಮ ಹೆಸರು ಹಾಕ್ರಿ."

"ಫಾಲ್ಟ್ ಅಲ್ಲ ಸಾರ್, ಡೀಫಾಲ್ಟ್. ಖಾಲಿ ಬಿಟ್ರೆ ತಾನಾಗೇ ಬಂದು ಕೂರೋದು."

"ಇನ್ನೂ ಒಳ್ಳೇದೇ ಆಯ್ತು. ಯಾರೂ ಬೆರಳು ತೋರ್ಸೋ ಕಷ್ಟವೇ ಇಲ್ಲ!"

ಸ್ಟೋರಿನವನು ನಡುವೆ ಮೂಗು ತೂರಿಸಿದ. "ಅದರ ಮೇಲೊಂದು ಇಂಡೆಕ್ಸೂ ಹಾಕ್ಬಿಡಪ್ಪ. ಹುಡುಕಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ನೀನು ಸಿಗಬೇಕು."

ಟೇಬಲಪ್ಪನಿಗೆ ಪಿತ್ತ ನೆತ್ತಿಗೇರಿತು. ಯಾವ ಲಿಫ್ಟ್ ನಡುವೆ ನಿಂತರೂ ಮಾಲೀಕರ ಮುಂದೆ ತಾನು ತಲೆ ತಗ್ಗಿಸಬೇಕೇ? ಒಂದು ಸ್ಕ್ರೂ ಕೂಡ ತಿರುಗಿಸಿದವನಲ್ಲ! "ಕೆಲಸ ಹೋದ್ರೂ ಸರಿ, ನನ್ನ ಹೆಸರು ಬರೆಯಲ್ಲ" ಎಂದು ಎಲ್ಲರೆದುರೇ ಗುಡುಗಿದ. ಮ್ಯಾನೇಜರ್ ಊಟಕ್ಕೆ ಎದ್ದದ್ದೇ ತಡ, ಡೀಫಾಲ್ಟ್ ಎಂಬಲ್ಲಿ 'ಮ್ಯಾನೇಜರ್' ಎಂದು ಕುಟ್ಟಿ, ಮೇಲೊಂದು ಇಂಡೆಕ್ಸ್ ಜಡಿದು, ಸ್ಕ್ರಿಪ್ಟ್ ಓಡಿಸಿಯೇ ಬಿಟ್ಟ.

ಮಧ್ಯಾಹ್ನ ದೂರುಗಳು ಬಂದವು. ಹೊಣೆಯ ಕಾಲಮ್ಮನ್ನು ತುಂಬುವ ಪುಣ್ಯಾತ್ಮರು ಆ ಆಫೀಸಿನಲ್ಲಿ ಯಾರೂ ಇರಲಿಲ್ಲ. ಸಂಜೆ ಮಾಲೀಕರು ತೆರೆದು ನೋಡಿದರೆ ಉದ್ದಕ್ಕೂ ಮ್ಯಾನೇಜರ್, ಮ್ಯಾನೇಜರ್, ಮ್ಯಾನೇಜರ್! ಎಲ್ಲರನ್ನೂ ಕೂಗಿ ಕರೆದರು. ಟೇಬಲಪ್ಪ ಎದೆ ಸೆಟೆಸಿ ನಿಂತ.

"ಇಷ್ಟು ವರ್ಷದಲ್ಲಿ ಒಬ್ರಾದ್ರೂ ತಪ್ಪು ನಂದು ಅಂದಿದ್ರಾ?" ಮಾಲೀಕರು ಮ್ಯಾನೇಜರ ಕೈ ಹಿಡಿದುಕೊಂಡರು. "ಈ ಮನುಷ್ಯ ಎಲ್ಲಾನೂ ತನ್ನ ತಲೆ ಮೇಲೆ ಹೊತ್ಕೊಂಡಿದ್ದಾರೆ. ಇವತ್ತಿಂದ ಇವರು ಡೈರೆಕ್ಟರ್!"

ಮ್ಯಾನೇಜರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ವಿನಯದಿಂದ ತಲೆಬಾಗಿದರು.

"ಅವರು ಹೊತ್ತಿದ್ದಲ್ಲ ಸಾರ್, ನಾನು ಹೊರಿಸಿದ್ದು!" ಎಂದು ಟೇಬಲಪ್ಪ ಕಿರುಚಿದ.

"ಭಲೇ! ನೀನೂ ತಪ್ಪು ಒಪ್ಕೊಳ್ಳೋ ಜಾತಿಯವನೇ" ಎಂದು ಮಾಲೀಕರು ಅವನ ಬೆನ್ನು ತಟ್ಟಿದರು. "ಖಾಲಿಯಾದ ಮ್ಯಾನೇಜರ್ ಕುರ್ಚಿ ನಿಂದೇ. ಸಂಬಳ ಮಾತ್ರ ಈಗಿನಷ್ಟೇ. ಇನ್ನೊಂದು ಮಾತು, ಆ ಸ್ಕ್ರಿಪ್ಟನ್ನ ಇನ್ನು ಯಾರೂ ಮುಟ್ಟೋ ಹಾಗಿಲ್ಲ."

ಅಷ್ಟರಲ್ಲಿ ರಿಸೆಪ್ಷನ್ ಅಕ್ಕ ಫೋನು ಹಿಡಿದು ಟೇಬಲಪ್ಪನತ್ತ ತಿರುಗಿದಳು. "ಮ್ಯಾನೇಜರ್ ಸಾರ್, ಲಿಫ್ಟಲ್ಲಿ ಸಿಕ್ಕಿ ಹಾಕ್ಕೊಂಡಿರೋರು ಲೈನಲ್ಲಿದ್ದಾರೆ. ಇದಕ್ಕೆ ಹೊಣೆ ಯಾರು ಅಂತ ಕಿರುಚ್ತಾ ಇದ್ದಾರೆ."

"ಆ ಟೇಬಲಲ್ಲಿ ನನ್ನ ಹೆಸರೇ ಇಲ್ಲ!" ಎಂದು ಅಬ್ಬರಿಸಿ, ಟೇಬಲಪ್ಪ ಫೋನು ತೆಗೆದುಕೊಂಡ.