ಗಂಟೆ ಕಟ್ಟಿದ ಮೇಲೆ ಕೆಲಸ ಮುಗಿದಂತೆ

ಅಣುಸ್ಥಾವರದ ನಿಯಂತ್ರಣ ಕೊಠಡಿಯೊಳಗೆ ಹೊರಗಿನ ಗಾಳಿ ಸೋಸದೆ ಬರಕೂಡದು ಎಂಬುದು ನಿಯಮ. ಈ ನಿಯಮವನ್ನು ಕೊಠಡಿಯ ಬಾಗಿಲಿಗೆ ದಪ್ಪಕ್ಷರದಲ್ಲಿ ಅಂಟಿಸಲಾಗಿದೆ. ಗಾಳಿಗೆ ಓದಲು ಬರುತ್ತದೆಯೇ ಎಂಬ ಬಗ್ಗೆ ಕಚೇರಿಯಲ್ಲಿ ಮಾಹಿತಿ ಲಭ್ಯವಿಲ್ಲ.

ಯಲ್ಲಾಪುರದಾಚೆ ಕಾಡು ದಾಟಿದರೆ ಸಿಗುವ ಹುಲಿಕಾನು ಸ್ಥಾವರದಲ್ಲಿ ರೋಹಿಣಿ ಪಾಳಿ ಇಂಜಿನಿಯರು. ಅನಾಹುತವಾದರೆ ಉಳಿದವರೆಲ್ಲ ತುರ್ತು ಬಸ್ಸು ಹತ್ತಿ ಹೋಗಬಹುದು. ನಿಯಂತ್ರಣ ಕೊಠಡಿಯವರು ಮಾತ್ರ ಕುರ್ಚಿ ಬಿಟ್ಟು ಏಳುವಂತಿಲ್ಲ, ಯಂತ್ರವನ್ನು ತಣ್ಣಗೆ ಮಾಡಬೇಕಾದವರು ಅವರೇ. ಹಾಗಾಗಿ ಆ ಕೊಠಡಿಯ ಗಾಳಿ ರೋಹಿಣಿಯ ಪಾಲಿಗೆ ಪ್ರಾಣದ ಪ್ರಶ್ನೆ. ಆಡಳಿತದ ಪಾಲಿಗೆ ಅದು ಸಭೆಯ ಕೊನೆಯ ವಿಷಯ, ಅಷ್ಟರೊಳಗೆ ಊಟದ ಹೊತ್ತಾಗಿರುತ್ತದೆ.

ಗಾಳಿ ಸೋರುತ್ತಿದೆ ಎಂದು ಪತ್ತೆಹಚ್ಚಿದ್ದು ಯಾವ ಉಪಕರಣವೂ ಅಲ್ಲ, ಕ್ಯಾಂಟೀನಿನ ಮುರಿಗೆವ್ವ. ಹಾವೇರಿ ಕಡೆಯ ಹೆಂಗಸು, ಖಾರದ ವಿಷಯದಲ್ಲಿ ಕೈ ಧಾರಾಳ. ಅವಳು ಬಾಣಲೆಗೆ ಒಣಮೆಣಸಿನಕಾಯಿ ಬಿಟ್ಟಳೆಂದರೆ ಸಾಕು, ಗೋಡೆಯಾಚೆ ನಿಯಂತ್ರಣ ಕೊಠಡಿಯವರೆಲ್ಲ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಒಗ್ಗರಣೆ ಬಂದ ದಾರಿಯಲ್ಲೇ ಬೇರೆಯದೂ ಬರ್ತದೆ ಸಾರ್," ಎಂದಳು ರೋಹಿಣಿ, ಮುಖ್ಯ ಅಧೀಕ್ಷಕ ಕೆರಿಯಪ್ಪನವರ ಮೇಜಿನ ಮುಂದೆ ನಿಂತು.

ಕೆರಿಯಪ್ಪನವರು ವಿಷಯವನ್ನು ಗಂಭೀರವಾಗಿ ಪರಿಗಣಿಸಿದರು. ಮರುದಿನವೇ ಸುತ್ತೋಲೆ ಹೊರಬಿತ್ತು: "ಸ್ಥಾವರದ ಸುರಕ್ಷತೆಯ ಹಿತದೃಷ್ಟಿಯಿಂದ ಇನ್ನು ಮುಂದೆ ಕ್ಯಾಂಟೀನಿನಲ್ಲಿ ಯಾವುದೇ ಪದಾರ್ಥಕ್ಕೆ ಒಗ್ಗರಣೆ ಹಾಕತಕ್ಕದ್ದಲ್ಲ."

ಮುರಿಗೆವ್ವ ಸೌಟು ಹಿಡಿದೇ ಕಚೇರಿಗೆ ನುಗ್ಗಿದಳು. "ಒಗ್ಗರಣಿ ಇಲ್ಲದ ಸಾರು ಹೆಂಗ ಉಣ್ತೀರ್ರೀ? ನಿಮ್ಮ ಗ್ವಾಡಿ ತೂತು ಮುಚ್ಚಸ್ರಿ, ನನ್ನ ಬಾಣಲಿ ಯಾಕ ಮುಚ್ಚಸ್ತೀರಿ?"

ಸಪ್ಪೆ ಸಾರು ಉಂಡು ಉಂಡು ಮೋರೆ ಸಪ್ಪಗಾಗಿದ್ದ ನೌಕರರ ಸಂಘವೂ ಅವಳ ಹಿಂದೆ ಬಂದು ನಿಂತಿತು. ವಿಕಿರಣದ ಮಾತಿಗೆ ಮಿಸುಕದ ಆಡಳಿತ ಸಾರಿನ ಮಾತಿಗೆ ಎದ್ದು ಕೂತಿತು. ಗಾಳಿ ಸೋಸುವ ಹೊಸ ವ್ಯವಸ್ಥೆ ಮಂಜೂರಾಗಿ, ಗುತ್ತಿಗೆ ಶಿರಸಿಯ ದರ್ಶನನಿಗೆ ಸಿಕ್ಕಿತು.

ದರ್ಶನ ದೈವಭಕ್ತ. "ಈ ಕೆಲಸ ಸುಸೂತ್ರ ಮುಗಿದ್ರೆ ಚಂದಗುಳಿ ಘಂಟಿಗಣೇಶನಿಗೆ ಗಂಟೆ ಕಟ್ತೇನೆ," ಎಂದು ಎಲ್ಲರೆದುರು ಹರಕೆ ಹೊತ್ತ. ಬೇಡಿಕೊಂಡದ್ದು ಈಡೇರಿದ ಮೇಲೆ ಅಲ್ಲಿಗೆ ಹೋಗಿ ಗಂಟೆ ಕಟ್ಟುವುದು ಈ ಸೀಮೆಯ ಪದ್ಧತಿ. ರೋಹಿಣಿಯೂ ನೌಕರಿ ಸಿಕ್ಕಾಗ ಒಂದು ಕಟ್ಟಿ ಬಂದವಳೇ.

ಸೋಸುವ ಯಂತ್ರ ಬಂತು. ಯಲ್ಲಾಪುರದ ಖಾಜಾ ಹುಸೇನರ ಲಾರಿಯಲ್ಲಿ ತಾಡಪಾಲು ಹೊದ್ದು ಸ್ಥಾವರದ ಗೇಟಿನವರೆಗೆ ಬಂತು. ಅಲ್ಲಿ ಭದ್ರತಾ ಅಧಿಕಾರಿ ನಿಯಮ ಓದಿ ಹೇಳಿದರು: ನಿಯಂತ್ರಣ ಕೊಠಡಿಯ ಗಾಳಿ ಸುರಕ್ಷಿತವೆಂದು ಪ್ರಮಾಣಪತ್ರ ದೊರೆಯುವವರೆಗೆ ಹೊಗೆ ಉಗುಳುವ ಯಾವ ಲಾರಿಯೂ ಒಳಪ್ರವೇಶಿಸತಕ್ಕದ್ದಲ್ಲ.

"ಗಾಳಿ ಸರಿ ಮಾಡೋ ಮಷೀನೇ ಇದ್ರಾಗ ಐತಲ್ರೀ ಸಾಹೇಬ್ರ!" ಎಂದರು ಖಾಜಾ ಹುಸೇನರು.

"ಇರ್ಲಿ. ಮೊದಲು ಗಾಳಿ ಸರಿಯಾಗ್ಲಿ, ಆಮೇಲೆ ತನ್ನಿ."

ಖಾಜಾ ಹುಸೇನರು ಲಾರಿ ತಿರುಗಿಸಿ ತಮ್ಮ ಮನೆಯಂಗಳದಲ್ಲಿ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಮೊಮ್ಮಗಳು ಮುನ್ನಿಯ ಕೋಳಿ ಆ ತಾಡಪಾಲಿನ ಕೆಳಗೆ ಮೊಟ್ಟೆಯಿಡಲು ಜಾಗ ಮಾಡಿಕೊಂಡಿತು.

ಇತ್ತ ದರ್ಶನನ ತಂಗಿಗೆ ಮದುವೆ ಗೊತ್ತಾಯಿತು. ಅವಳ ಮದುವೆಗೆಂದು ಹೊತ್ತಿದ್ದ ಹರಕೆ ತೀರಿಸಲು ಮನೆಯವರೆಲ್ಲ ಜೀಪು ಮಾಡಿಕೊಂಡು ಚಂದಗುಳಿಗೆ ಹೊರಟರು. ಸ್ಥಾವರದ ಹೆಸರು ಕೆತ್ತಿಸಿಟ್ಟಿದ್ದ ತನ್ನ ಗಂಟೆಯನ್ನೂ ದರ್ಶನ ಜೀಪಿಗೆ ಹಾಕಿದ. "ಹೆಂಗೂ ಜೀಪು ಹೊರಟಿತ್ತು. ಇದಕ್ಕೇ ಅಂತ ಮತ್ತೊಂದ್ಸಲ ಎಂತಕ್ಕೆ ಹೋಗೂದು?" ಇಷ್ಟೇ ಅವನ ತರ್ಕ.

ಸಂಕಷ್ಟಿಯ ದಿನ ದೇವಸ್ಥಾನಕ್ಕೆ ಹೋದ ಕೆರಿಯಪ್ಪನವರಿಗೆ ಆ ಗಂಟೆ ಕಂಡಿತು. ಭಕ್ತಿಯಿಂದ ಕೈಮುಗಿದರು. ಮರಳಿ ಬಂದವರೇ ಕಾಮಗಾರಿ ಪೂರ್ಣಗೊಂಡಿದೆ ಎಂದು ಘೋಷಿಸಿದರು.

ರೋಹಿಣಿ ಓಡಿ ಬಂದಳು. "ಸಾರ್, ಮಷೀನು ಖಾಜಾ ಹುಸೇನರ ಅಂಗಳದಲ್ಲಿದೆ! ಅದರ ಮೇಲೆ ಕೋಳಿ ಕಾವಿಗೆ ಕೂತಿದೆ!"

"ಗಂಟೆ ಕಟ್ಟಿದಾರೋ ಇಲ್ವೋ?"

"ಕಟ್ಟಿದಾರೆ ಸಾರ್."

"ಈಡೇರದೆ ಯಾರಾದ್ರೂ ಗಂಟೆ ಕಟ್ತಾರೇನಮ್ಮ? ನೀನು ನೌಕರಿ ಸಿಗೋಕೆ ಮುಂಚೆ ಕಟ್ಟಿದ್ಯಾ?"

"ಇಲ್ಲ ಸಾರ್."

"ಮತ್ತೆ?"

ರೋಹಿಣಿ ಅಷ್ಟಕ್ಕೇ ಬಿಡಲಿಲ್ಲ. ದರ್ಶನನನ್ನೇ ಕರೆಸಿ ಕೇಳಿದರೆ, ದೇವರೆದುರು ಸುಳ್ಳು ಗಂಟೆ ಕಟ್ಟಿದೆ ಎನ್ನಲು ಪಾಪ ಅವನಿಗೂ ಹೆದರಿಕೆ. "ಕಟ್ಟಿದ್ದು ಹೌದು ಅಂದ್ಮೇಲೆ ಮುಗಿದಿದ್ದೂ ಹೌದೇ ಇರ್ಬೇಕು," ಎಂದ. ರೋಹಿಣಿಗೆ ಮೈಯೆಲ್ಲ ಉರಿದುಹೋಯಿತು.

ಕೇಂದ್ರ ಕಚೇರಿಯಿಂದ ತಪಾಸಣಾ ಸಮಿತಿ ಬಂದು ನೇರ ಚಂದಗುಳಿಗೆ ಹೋಯಿತು. "ಗಂಟೆಯನ್ನು ಮೂವರು ಸದಸ್ಯರೂ ಪ್ರತ್ಯೇಕವಾಗಿ ಬಾರಿಸಿ ನೋಡಿದ್ದು, ನಾದ ತೃಪ್ತಿಕರವಾಗಿದೆ. ನೇತುಹಾಕಿದ ವಿಧಾನ ಸುಭದ್ರವಾಗಿದೆ" ಎಂದು ವರದಿ ಬರೆದು, ಪ್ರಸಾದ ಸ್ವೀಕರಿಸಿ, ಗಾಳಿ ಸುರಕ್ಷಿತವೆಂಬ ಪ್ರಮಾಣಪತ್ರ ಕೊಟ್ಟು ಹೋಯಿತು.

ಪ್ರಮಾಣಪತ್ರದ ಸುದ್ದಿ ಕೇಳಿ ಖಾಜಾ ಹುಸೇನರಿಗೆ ಜೀವ ಬಂತು. ಕೋಳಿಯನ್ನು ಮರಿಗಳ ಸಮೇತ ಇಳಿಸಿ, ಮುನ್ನಿಯ ಅಳು ಸಮಾಧಾನ ಮಾಡಿ, ಲಾರಿಯನ್ನು ಮತ್ತೆ ಗೇಟಿಗೆ ತಂದರು.

"ಈಗ ಲಾರಿಗೆ ಅಡ್ಡಿಯಿಲ್ಲ," ಎಂದರು ಭದ್ರತಾ ಅಧಿಕಾರಿ. "ಆದ್ರೆ ಮುಗಿದ ಕೆಲಸಕ್ಕೆ ಸಾಮಾನು ಎಂತಕ್ಕೆ? ಅದನ್ನ ಇಳಿಸಿ ಖಾಲಿ ಲಾರಿ ತನ್ನಿ, ಧಾರಾಳ ಒಳಗೆ ಬಿಡ್ತೇವೆ."

"ಯಾ ಅಲ್ಲಾ!" ಎಂದು ಹಣೆ ಚಚ್ಚಿಕೊಂಡು ಅವರು ವಾಪಸು ಹೋದರು. ಕೋಳಿ ಮರಳಿ ತನ್ನ ಜಾಗಕ್ಕೆ ಹತ್ತಿತು.

ಉಳಿದದ್ದು ಅಂತಿಮ ಪರೀಕ್ಷೆ. ಇದಕ್ಕಾಗಿ ಒಗ್ಗರಣೆ ನಿಷೇಧ ತೆರವಾಯಿತು. ಮುರಿಗೆವ್ವ ಹೊರಗೆ ಒಗ್ಗರಣೆ ಹಾಕತಕ್ಕದ್ದು, ಒಳಗಿನವರು ಕೆಮ್ಮದೆ ಇರತಕ್ಕದ್ದು. ಗಾಳಿಗೆ ಈಗಾಗಲೇ ಪ್ರಮಾಣಪತ್ರ ಇರುವುದರಿಂದ ಯಾರಾದರೂ ಕೆಮ್ಮಿದಲ್ಲಿ ದೋಷವು ಅವರ ಶ್ವಾಸಕೋಶದ್ದೆಂದು ಭಾವಿಸಿ, ಅನಾರೋಗ್ಯದ ಕಾರಣ ಸೇವೆಯಿಂದ ಬಿಡುಗಡೆ ಮಾಡಲಾಗುವುದು.

ಕೆಮ್ಮಿಯೇ ತೀರುತ್ತೇನೆ ಎಂದು ರೋಹಿಣಿ ಹಟ ತೊಟ್ಟು ಕುರ್ಚಿಯಲ್ಲಿ ಕೂತಳು. ಮುರಿಗೆವ್ವ ತಿಂಗಳುಗಟ್ಟಲೆಯ ಸಿಟ್ಟನ್ನೆಲ್ಲ ಸೇರಿಸಿ ಮೆಣಸಿನಕಾಯಿ ಬಿಟ್ಟಳು. ಅಬ್ಬಬ್ಬಾ, ಘಾಟು ನೇರ ನೆತ್ತಿಗೇರಿತು! ಸಹೋದ್ಯೋಗಿಗಳೆಲ್ಲ ತುಟಿ ಕಚ್ಚಿ, ಮುಷ್ಟಿ ಬಿಗಿದು, ಕೆಂಪು ಮೋರೆ ಮಾಡಿಕೊಂಡು ಪರದೆಗಳನ್ನೇ ನೋಡುತ್ತಿದ್ದರು. ಕೆಮ್ಮು ರೋಹಿಣಿಯ ಗಂಟಲವರೆಗೆ ಬಂತು. ಆಗ ಅವಳಿಗೆ ಚಂದಗುಳಿಯಲ್ಲಿ ತಾನು ಕಟ್ಟಿದ ಗಂಟೆ ನೆನಪಾಯಿತು. ನೌಕರಿ ಹೋದರೆ ಅದನ್ನು ಬಿಚ್ಚಿ ತರಬೇಕಾಗುತ್ತದೆಯೇ? ಅವ್ವನಿಗೆ ಏನು ಹೇಳುವುದು? ನಾಚಿಕೆಯಿಂದ, ಸಂಕಟದಿಂದ, ಕೆಮ್ಮನ್ನು ನುಂಗಿಕೊಂಡಳು.

"ಕಣ್ಣಲ್ಲಿ ನೀರು?" ಎಂದು ಕೆರಿಯಪ್ಪನವರು ಬಾಗಿಲಲ್ಲಿ ನಿಂತು ಕೇಳಿದರು. ಅವರ ಕಣ್ಣೂ ಹರಿಯುತ್ತಿತ್ತು.

"ಕೆಲಸ ಮುಗೀತಲ್ಲ ಸಾರ್. ಸಂತೋಷಕ್ಕೆ."

ಆನಂದಬಾಷ್ಪ ಎಂದು ಬರೆದುಕೊಳ್ಳಲಾಯಿತು.

ಈ ಯಶಸ್ಸಿನಿಂದ ಉತ್ತೇಜಿತರಾದ ಕೆರಿಯಪ್ಪನವರು ಇನ್ನೊಂದು ಹರಕೆ ಹೊತ್ತರು: ಸ್ಥಾವರದಲ್ಲಿ ಎಂದೆಂದಿಗೂ ಅನಾಹುತ ಆಗದಿದ್ದರೆ ಒಂದು ಗಂಟೆ. ಎಂದೆಂದಿಗೂ ಎಂದರೆ ಕಾಯುವುದು ಎಲ್ಲಿಯವರೆಗೆ? ಮೊದಲೇ ಕಟ್ಟಿಬಿಡುವುದು ಸೂಕ್ತವೆಂದು ಸಭೆ ಒಪ್ಪಿತು. ಕಟ್ಟಿದ ಮೇಲೆ ಅನಾಹುತ ಆಗುವಂತಿಲ್ಲವಾದ್ದರಿಂದ ತುರ್ತು ಬಸ್ಸನ್ನೇ ಸಿಬ್ಬಂದಿಯ ಚಂದಗುಳಿ ಪ್ರಯಾಣಕ್ಕೆ ಕೊಡಲಾಯಿತು.

ಗಂಟೆ ಏರಿತು. ಎಲ್ಲರೂ ಕೈಮುಗಿದರು. ಹೊರಗೆ ಬಂದ ರೋಹಿಣಿ ಕಾಡಿನ ತಣ್ಣನೆಯ ಗಾಳಿಯನ್ನು ಎದೆ ತುಂಬ ಎಳೆದುಕೊಂಡಳು. ಅಷ್ಟೇ ಸಾಕಾಯಿತು. ಅಂದು ನುಂಗಿದ್ದೆಲ್ಲ ಉಕ್ಕಿ ಬಂದು, ಮರ ಹಿಡಿದು ನಿಂತು ಕೆಮ್ಮಿದಳು, ಕೆಮ್ಮಿಯೇ ಕೆಮ್ಮಿದಳು.

ಕೆರಿಯಪ್ಪನವರು ಅವಳ ಬೆನ್ನು ನೇವರಿಸಿದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು.

"ನೋಡಿದ್ಯಾ, ಹೊರಗಿನ ಗಾಳಿ ನಿನಗೆ ಆಗಿಬರೋದಿಲ್ಲ. ನಡಿಯಮ್ಮ, ಬೇಗ ಹೋಗಿ ಕಂಟ್ರೋಲ್ ರೂಮಲ್ಲಿ ಕೂತ್ಕೋ."

ಎಲ್ಲರೂ ಹೌದು ಹೌದು ಎಂದರು. ರೋಹಿಣಿಯೂ ತಲೆಯಾಡಿಸಿ ಬಸ್ಸು ಹತ್ತಿದಳು.