ಜಿಂಕೆ ಪೆನ್ನಿನ ಅಸಲಿತನ ವಿಭಾಗ

ಜಿಂಕೆ ಪೆನ್ನಿನ ಕಂಪನಿ ಮೂರನೆಯ ಸಲ ಮಾರಾಟವಾದಾಗಲೂ ಅದರ ಪರಂಪರೆಗೆ ಯಾವ ಧಕ್ಕೆಯೂ ಆಗಲಿಲ್ಲ. ಹೊಸ ಮಾಲೀಕರು ಬಂದ ದಿನವೇ ಈ ಸಂಗತಿಯನ್ನು ಅಚ್ಚು ಹಾಕಿಸಿ ಕಾರ್ಖಾನೆಯ ಪ್ರತಿ ಬಾಗಿಲಿಗೂ, ಶೌಚಾಲಯದ ಎರಡು ಬಾಗಿಲುಗಳೂ ಸೇರಿದಂತೆ, ಅಂಟಿಸಿದ್ದರಿಂದ ಯಾರಿಗೂ ಅನುಮಾನ ಉಳಿಯಲಿಲ್ಲ. ಪ್ರಕಟಣೆ ಹೀಗಿತ್ತು: “ಮಾಲೀಕರು ಬದಲಾಗಿದ್ದಾರೆ. ಜಿಂಕೆ ಬದಲಾಗಿಲ್ಲ. ಬದಲಾಗಿದೆ ಎಂದು ಯಾರಿಗಾದರೂ ಅನಿಸಿದಲ್ಲಿ ಅವರು ಬದಲಾಗತಕ್ಕದ್ದು.”

ನಿಬ್ಬಣ್ಣ ಇದನ್ನು ಎರಡು ಸಲ ಓದಿದ. ಮೂವತ್ತೊಂದು ವರ್ಷ ಅವನು ಆ ಕಟ್ಟಡದ ಮಹಡಿಯ ಮೇಲೆ ಕೂತು, ನಿಬ್ಬಿನ ಮೊನೆಯನ್ನು ಸಾಣೆಕಲ್ಲಿಗೆ ಹಿಡಿದು ಹದ ಮಾಡಿದವನು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಬೇರೆ ಇತ್ತು. ಹೆಂಡತಿಯೊಬ್ಬಳನ್ನು ಬಿಟ್ಟು ಊರೆಲ್ಲ ನಿಬ್ಬಣ್ಣ ಎಂದೇ ಕರೆಯುತ್ತಿತ್ತು.

ಮೊದಲಿನ ಧಣಿಗಳ ಕಾಲದಲ್ಲಿ ಪೆನ್ನಿನ ಕ್ಲಿಪ್ಪಿನ ಮೇಲೆ ಒಂದು ಜಿಂಕೆ ಇತ್ತು: ನಾಲ್ಕು ಕಾಲು, ಎರಡು ಕೊಂಬು, ಹಿಂದಕ್ಕೆ ತಿರುಗಿ ನೋಡುವ ಕತ್ತು. ಧಣಿಗಳ ಮಕ್ಕಳು ಒಬ್ಬರ ಮುಖ ಒಬ್ಬರು ನೋಡದ ಹಾಗಾದ ಮೇಲೆ ಕಂಪನಿಯನ್ನು ಸೋಪಿನವರು ಕೊಂಡರು. ಗಿರಾಕಿಯ ಜೇಬು ಹರಿಯಬಾರದೆಂಬ ಕಳಕಳಿಯಿಂದ ಅವರು ಕೊಂಬು ತೆಗೆಸಿದರು. ಅವರಿಂದ ಬೀಗ ಮಾಡುವವರು ಕೊಂಡರು. ಓಡುವ ಪ್ರಾಣಿಯನ್ನು ಕಂಡರೆ ಬೀಗದವರಿಗೆ ಆಗದು, ಕಾಲು ತೆಗೆಸಿದರು. ಈಗ ಬಂದವರು ಏನನ್ನೂ ಮಾಡುವವರಲ್ಲ, ಕಂಪನಿಗಳನ್ನು ಕೊಂಡು ಮಾರುವವರು. ಅವರನ್ನು ನಿಧಿಯವರು ಎನ್ನುತ್ತಿದ್ದರು. ನಿಧಿಯವರು ಉಳಿದದ್ದನ್ನೂ ತೆಗೆಸಿ ಒಂದು ಚುಕ್ಕೆ ಇಡಿಸಿದರು. ಇದೇನು ಎಂದು ಯಾರೋ ಕೇಳಿದ್ದಕ್ಕೆ, “ಅದೇ ಜಿಂಕೆ. ದೂರದಿಂದ ನೋಡ್ತಿದೀರಿ, ಅಷ್ಟೆ” ಎಂದು ಉತ್ತರ ಬಂತು.

ನಿಬ್ಬಿನ ಕಥೆಯೂ ಅದೇ. ಚಿನ್ನದ್ದಾಗಿದ್ದದ್ದು ಚಿನ್ನದ ಲೇಪದ್ದಾಗಿ, ಈಗ ಚಿನ್ನದ ಬಣ್ಣದ್ದಾಗಿ, ಎಲ್ಲಿಂದಲೋ ಸಾವಿರಗಟ್ಟಲೆ ಡಬ್ಬಿಗಳಲ್ಲಿ ಬರುತ್ತಿತ್ತು. ಮೊದಲು ಪ್ರತಿಯೊಂದು ಪೆನ್ನೂ ಒಂದು ಸಾಲು ಬರೆದು ತೋರಿಸಿಯೇ ಹೊರಗೆ ಹೋಗಬೇಕಿತ್ತು. ಬೀಗದವರು ನೂರಕ್ಕೊಂದನ್ನು ಬರೆಸಿದರು. ಪರೀಕ್ಷೆ ಮಾಡುವುದೆಂದರೆ ಪೆನ್ನನ್ನು ಅವಮಾನಿಸಿದಂತೆ ಎಂದು ನಿಧಿಯವರು ಅದನ್ನೂ ನಿಲ್ಲಿಸಿದರು. ಹಾಗೆಂದು ಹೊಸ ಪೆನ್ನು ಬರೆಯುತ್ತಿರಲಿಲ್ಲವೆಂದಲ್ಲ. ಮೂರು ಸಲ ಜಾಡಿಸಿ, ಅಂಗೈ ಮೇಲೆ ಗೀಚಿ, ಮನಸ್ಸಿನಲ್ಲಿ ಏನಾದರೂ ಅಂದುಕೊಂಡರೆ ಬರೆಯುತ್ತಿತ್ತು. ಕೈಪಿಡಿಯಲ್ಲಿ ಇದಕ್ಕೆ “ಬರಹಕ್ಕೆ ಮುಂಚಿನ ಧ್ಯಾನ” ಎಂದು ಹೆಸರು.

ಉಜ್ಜಲು ನಿಬ್ಬು ಇಲ್ಲವಾದ್ದರಿಂದ ನಿಬ್ಬಣ್ಣನನ್ನು ಹೊಸದಾಗಿ ತೆರೆದ ಅಸಲಿತನ ವಿಭಾಗಕ್ಕೆ ಸಹಾಯಕನಾಗಿ ಹಾಕಿದರು. ಹೊರಗಿನಿಂದ ಬಂದ ಪೆನ್ನುಗಳ ಮುಚ್ಚಳ ತೆಗೆದು ಕೊಡುವುದು ಅವನ ಕೆಲಸ. ಅಸಲಿಯೋ ನಕಲಿಯೋ ಹೇಳುವುದು ಅಧಿಕಾರಿಯ ಕೆಲಸ. ಈ ಅಧಿಕಾರಿ ಹಿಂದೆ ಬಾಟಲಿ ನೀರಿನ ಕಂಪನಿಯಲ್ಲಿ ನೀರಿನ ಅಸಲಿತನ ನೋಡುತ್ತಿದ್ದವನು. ಕೆಟ್ಟವನಲ್ಲ. ಸೀನು ಬಂದರೂ ಒಮ್ಮೆ ನಿಯಮದ ಪುಸ್ತಕದ ಕಡೆ ನೋಡಿಯೇ ಸೀನುತ್ತಿದ್ದ.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ವಯಸ್ಸಾದ ಹೆಂಗಸೊಬ್ಬರು ಬಂದು, ಕರವಸ್ತ್ರದಲ್ಲಿ ಸುತ್ತಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

“ಇದು ಸೋರುತ್ತೆ ಅಣ್ಣಾ. ನಮ್ಮೆಜಮಾನ್ರದ್ದು. ಪ್ರೆಸ್ಸಿನಲ್ಲಿ ಕರಡು ತಿದ್ದೋರು. ಅವರು ಹೋಗಿ ಎಂಟು ತಿಂಗಳಾಯ್ತು.”

ನಿಬ್ಬಣ್ಣ ಮುಚ್ಚಳ ತೆಗೆದು ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿದ. “ಕೈ ಎಡಕ್ಕೆ ವಾಲಿಸಿ ಬರೀತಿದ್ರಾ?”

“ಹೌದು. ನಿಮಗೆ ಹೇಗೆ ಗೊತ್ತಾಯ್ತು?”

“ಆ ಕಡೆ ಸವೆದಿದೆ.”

“ನಾನು ನೆಟ್ಟಗೆ ಹಿಡಿದ್ರೆ ಪರಚುತ್ತೆ. ಅವರ ಹಾಗೆ ಕೈ ತಿರುಗಿಸಿದ್ರೆ ಮಾತ್ರ ಬರೆಯುತ್ತೆ. ಈಗ ರೂಢಿಯಾಗಿದೆ. ದಿನಾ ಒಂದು ಪುಟ ಬರೀತೀನಿ. ಬರೆಯೋಕೆ ಏನೂ ಇಲ್ಲದಿದ್ರೆ ಪೇಪರ್ ಇಟ್ಕೊಂಡು ತಪ್ಪು ತಿದ್ದುತೀನಿ.”

“ಒಳಗಿನ ರಬ್ಬರ್ ಟ್ಯೂಬು ಹೋಗಿದೆ, ಅಷ್ಟೆ. ಕಾಲು ಗಂಟೆ ಕೆಲ್ಸ ತಾಯಿ.”

ಆದರೆ ರಿಪೇರಿಗೆ ಮೊದಲು ಅಸಲಿತನ ಪರೀಕ್ಷೆ ಕಡ್ಡಾಯ. ಅಧಿಕಾರಿ ಕಾಗದ ತೆಗೆದುಕೊಂಡ.

“ಕ್ಲಿಪ್ಪಿನ ಮೇಲೆ ಚುಕ್ಕೆ ಇದೆಯೆ?”

“ಜಿಂಕೆ ಇದೆ ಸಾರ್. ಕೊಂಬಿನ ಸಮೇತ.”

“ಚುಕ್ಕೆ ಇಲ್ಲ,” ಎಂದು ಬರೆದುಕೊಂಡ. “ನಿಬ್ಬು ಚಿನ್ನದ ಬಣ್ಣದ್ದೆ?”

“ಚಿನ್ನದ್ದೇ ಸಾರ್.”

“ಚಿನ್ನದ ಬಣ್ಣದ್ದಲ್ಲ. ಎಷ್ಟನೇ ಸಲಕ್ಕೆ ಬರೆಯುತ್ತದೆ?”

“ಮೊದಲನೇ ಸಲಕ್ಕೇ.”

ಅಧಿಕಾರಿ ಪೆನ್ನು ಕೆಳಗಿಟ್ಟ. “ನಕಲಿ. ಅದೂ ಕೀಳು ದರ್ಜೆಯ ನಕಲಿ. ಒಂದರಲ್ಲಾದರೂ ಹೋಲಿಕೆ ಬೇಡವೆ?” ಹದಿನಾಲ್ಕನೆಯ ನಿಯಮವನ್ನು ಎದ್ದು ನಿಂತು ಓದಿದ: “ನಕಲಿ ಪೆನ್ನುಗಳನ್ನು ಏಳು ದಿನದೊಳಗೆ ಯಂತ್ರದಲ್ಲಿ ಅರೆದು ಪುಡಿ ಮಾಡತಕ್ಕದ್ದು. ತಂದವರಿಗೆ ಸಾಂತ್ವನ ಹೇಳತಕ್ಕದ್ದು.” ಓದಿ ಮುಗಿಸಿ ಆಕೆಯ ಕಡೆ ತಿರುಗಿ, “ಸಾಂತ್ವನ,” ಎಂದ.

ಆಕೆ ಕೂಗಾಡಲಿಲ್ಲ. “ಪುಡಿ ಮಾಡೋದಾದ್ರೆ ಸೋರೋದೇ ಸಾಕು ಸ್ವಾಮಿ. ಕೊಟ್ಬಿಡಿ, ಹೋಗ್ತೀನಿ,” ಎಂದರು. ಒಳಗೆ ಬಂದ ಪೆನ್ನು ಹೊರಗೆ ಹೋಗಲು ಅಸಲಿಯಾಗಿರಬೇಕು ಎಂದು ಅಧಿಕಾರಿ ತಿಳಿಸಿದ. ಆಕೆ ಖಾಲಿ ಕರವಸ್ತ್ರವನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದರು.

“ಸಾರ್,” ಎಂದ ನಿಬ್ಬಣ್ಣ, “ಈ ನಿಬ್ಬು ಉಜ್ಜಿದ್ದು ನಾನೇ. ನಿಬ್ಬಿನ ಹೊಟ್ಟೆ ಕೆಳಗೆ ನೋಡಿ, ಅಕ್ಕಿಕಾಳಿನಷ್ಟು ಗೀರು. ನನ್ನ ಗುರುತು.”

“ಯಾವ ಕಂಪನಿಯಲ್ಲಿ ಉಜ್ಜಿದ್ದು?”

“ಇದೇ ಕಂಪನಿ. ಇದೇ ಕಟ್ಟಡ. ಮಹಡಿ ಮೇಲೆ.”

“ನಾವು ಈ ಕಂಪನಿ ಕೊಂಡು ಹದಿನಾಲ್ಕು ತಿಂಗಳಾಯ್ತು. ಅದಕ್ಕೆ ಮುಂಚೆ ನೀವು ಇಲ್ಲಿ ಹೇಗಿದ್ರಿ?”

“ಗೋಡೆ ಮೇಲೆ ತೊಂಬತ್ತು ವರ್ಷದ ಪರಂಪರೆ ಅಂತ ಬರೆಸಿದೀರಲ್ಲ ಸಾರ್?”

“ಪರಂಪರೆ ಕೊಂಡಿದ್ದೇವೆ. ವರ್ಷಗಳನ್ನು ಕೊಂಡಿಲ್ಲ.”

“ಹಾಗಾದ್ರೆ ನಾನು ಮೂವತ್ತೊಂದು ವರ್ಷ ಮಾಡಿದ್ದೇನು?”

ಅಧಿಕಾರಿ ಪ್ರಾಮಾಣಿಕವಾಗಿಯೇ ಪುಸ್ತಕ ತಿರುವಿ ಹುಡುಕಿದ. “ಅದು ಇದರಲ್ಲಿ ಇಲ್ಲ,” ಎಂದ.

ಭಾನುವಾರ ನಿಬ್ಬಣ್ಣ ಆ ಪುಸ್ತಕವನ್ನು ಮನೆಗೆ ತಂದು, ತಿಂಡಿಯಾದ ಮೇಲೆ ಕಿಟಕಿಯ ಹತ್ತಿರ ಕೂತು ಮೊದಲಿನಿಂದ ಓದಿದ. ಇಪ್ಪತ್ತೆರಡನೆಯ ನಿಯಮಕ್ಕೆ ಬಂದಾಗ ಬೆರಳಿಟ್ಟು ಹೆಂಡತಿಯನ್ನು ಕರೆದ. “ನಕಲಿ ತಯಾರಿಸಿದವನು ಲಿಖಿತವಾಗಿ ತಪ್ಪೊಪ್ಪಿಕೊಂಡಲ್ಲಿ ಸದರಿ ಪೆನ್ನು ಸಾಕ್ಷ್ಯವಾಗುತ್ತದೆ. ಸಾಕ್ಷ್ಯವನ್ನು ಪುಡಿ ಮಾಡತಕ್ಕದ್ದಲ್ಲ. ವಿಚಾರಣೆ ಮುಗಿಯುವ ತನಕ ತಂದವರ ವಶದಲ್ಲಿಯೇ ಸುಸ್ಥಿತಿಯಲ್ಲಿ ಇಡತಕ್ಕದ್ದು.”

“ಅಂದ್ರೆ?” ಎಂದಳು ಹೆಂಡತಿ.

“ನಾನು ನಕಲಿ ಮಾಡ್ತಿದ್ದೆ ಅಂತ ಬರೆದುಕೊಟ್ರೆ ಆಯಮ್ಮನ ಪೆನ್ನು ಉಳಿಯುತ್ತೆ.”

“ಮೂವತ್ತೊಂದು ವರ್ಷ ನಿಮ್ಮ ಕೆಲ್ಸದ ಮೇಲೆ ಯಾರೂ ಒಂದು ಮಾತು ಅಂದಿಲ್ಲ ರೀ.”

“ಅಂದಿಲ್ಲ.”

“ಇನ್ನು ಬೀದಿಯೋರು ಕೇಳಿದ್ರೆ ಏನಂತ ಹೇಳ್ಲಿ?”

“ಕಳ್ಳನ ಹೆಂಡ್ತಿ ಅಂತ ಹೇಳು.”

“ಆಹಾ! ಈ ವಯಸ್ಸಲ್ಲಿ ಅದೊಂದು ಬಾಕಿ ಇತ್ತು.” ಅವಳು ಎದ್ದಳು. “ಇರಿ, ಕನ್ನಡಕ ತರ್ತೀನಿ. ಬರೆಯೋದಾದ್ರೆ ಕಾಗುಣಿತ ತಪ್ಪಬಾರದು. ಅವರ ಯಜಮಾನ್ರು ಕರಡು ತಿದ್ದೋರಂತೆ.”

ತಪ್ಪೊಪ್ಪಿಗೆ ಹೀಗಿತ್ತು: “ನಾನು ಮೂವತ್ತೊಂದು ವರ್ಷ ಇದೇ ಕಟ್ಟಡದಲ್ಲಿ, ಕೆಲಸದ ವೇಳೆಯಲ್ಲಿ, ಹಾಜರಿ ಹಾಕಿ, ದಿನಕ್ಕೆ ನಲವತ್ತರಂತೆ ನಕಲಿ ನಿಬ್ಬುಗಳನ್ನು ಉಜ್ಜಿರುತ್ತೇನೆ. ಅವು ಬರೆಯುತ್ತಿದ್ದವು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.”

ಇಷ್ಟು ದೊಡ್ಡ ಜಾಲ ಇದುವರೆಗೆ ಬಯಲಾಗಿರಲಿಲ್ಲ. ಅಧಿಕಾರಿಗೆ ಅದೇ ವಾರ ಬಡ್ತಿಯಾಯಿತು. ವಿಚಾರಣೆ ಮುಗಿಯುವ ತನಕ ಮುಖ್ಯ ಆರೋಪಿ ದಿನಾ ಹಾಜರಿರಬೇಕಾದ್ದರಿಂದ ನಿಬ್ಬಣ್ಣನನ್ನು ಕೆಲಸದಿಂದ ತೆಗೆಯಲು ಬರಲಿಲ್ಲ. ವಿಚಾರಣೆ ಯಾವಾಗ ಮುಗಿಯಬೇಕೆಂದು ಪುಸ್ತಕದಲ್ಲಿ ಇರಲಿಲ್ಲ. ಸೋರುವ ಸಾಕ್ಷ್ಯವನ್ನು ಸುಸ್ಥಿತಿಯಲ್ಲಿದೆ ಎನ್ನಲಾಗದ್ದರಿಂದ, ಕಂಪನಿಯೇ ಲಿಖಿತ ಆದೇಶ ಕೊಟ್ಟು ಅವನಿಂದ ಹೊಸ ಟ್ಯೂಬು ಹಾಕಿಸಿತು.

“ಮೊನೆ ಒಂದು ಕಡೆ ಸವೆದಿದೆಯಲ್ಲ, ಅದನ್ನೂ ಸರಿ ಮಾಡಿಬಿಡಿ,” ಎಂದ ಅಧಿಕಾರಿ.

“ಸಾಕ್ಷ್ಯ ಸಾರ್. ತಿದ್ದಬಾರದು,” ಎಂದ ನಿಬ್ಬಣ್ಣ.

ಆಕೆ ಬಂದು ರಸೀದಿಗೆ ಸಹಿ ಮಾಡಿದರು. ಕೈಯನ್ನು ಎಡಕ್ಕೆ ವಾಲಿಸಿ ಹಿಡಿದರು. ನಿಬ್ಬು ಕಾಗದದ ಮೇಲೆ ಸದ್ದಿಲ್ಲದೆ ಹೋಯಿತು. ಪೆನ್ನಿನ ಜೊತೆ ಕಂಪನಿಯವರು ಒಂದು ಪತ್ರವನ್ನೂ ಕೊಟ್ಟರು: “ಈ ಪೆನ್ನು ನಕಲಿ ಎಂದು ಕಂಪನಿ ದೃಢೀಕರಿಸಿದೆ” ಆಕೆ ಅದನ್ನು ಓದಿ, ‘ದೃಢೀಕರಿಸಿದೆ’ಯ ಮುಂದೆ ಬಿಟ್ಟುಹೋಗಿದ್ದ ಪೂರ್ಣವಿರಾಮವನ್ನು ಇಟ್ಟು, ಮಡಚಿಕೊಂಡು ಹೋದರು.

ಆ ಪತ್ರವನ್ನು ಪಕ್ಕದ ಮನೆಯವರು ನೋಡಿದರು. ಪೆನ್ನು ಬರೆಯುವುದನ್ನೂ ನೋಡಿದರು. ತಿಂಗಳೊಳಗೆ ಅಸಲಿತನ ವಿಭಾಗದ ಮುಂದೆ ಸಾಲು ನಿಂತಿತು. ಜನ ಕಪಾಟು, ಪೆಟ್ಟಿಗೆ ಎಲ್ಲ ತಡಕಿ ಹಳೆಯ ಪೆನ್ನುಗಳನ್ನು ತಂದು, ನಮ್ಮದೂ ನಕಲಿ ಎಂದು ಬರೆದುಕೊಡಿ ಎನ್ನತೊಡಗಿದರು. ನಿಧಿಯವರು ಯೋಚಿಸಿ, ನಕಲಿ ಪತ್ರದ ಶುಲ್ಕವನ್ನು ಅಸಲಿ ಪತ್ರದ್ದಕ್ಕಿಂತ ನಾಲ್ಕು ಪಟ್ಟು ಮಾಡಿದರು. ಮುಖ್ಯ ಆರೋಪಿಗೆ ಕುರ್ಚಿ, ಭೂತಗನ್ನಡಿ, ಒಂದು ಮೊಹರು ಕೊಟ್ಟರು. ಅಂಗಡಿಗಳ ಗಾಜಿನ ಕಪಾಟಿನಲ್ಲಿ “ದೃಢೀಕೃತ ನಕಲಿ” ಪೆನ್ನುಗಳು ಮೇಲಿನ ಸಾಲಿಗೆ ಏರಿದವು. ಜಿಂಕೆಯ ಮೇಲೆ ಜನರ ವಿಶ್ವಾಸ ಎಂದಿಗಿಂತ ಹೆಚ್ಚಿದೆ ಎಂದು ವಾರ್ಷಿಕ ವರದಿಯಲ್ಲಿ ಸೇರಿಸಲಾಯಿತು. ಅದು ಸುಳ್ಳೂ ಅಲ್ಲ.

ಮೊನ್ನೆ ಒಬ್ಬ ಗುಮಾಸ್ತ ಹೆಂಡತಿ, ಅತ್ತೆ ಸಮೇತ ಬಂದಿದ್ದ. ನಿಬ್ಬಣ್ಣ ಅವನ ಪೆನ್ನನ್ನು ಕಾಗದಕ್ಕೆ ತಾಗಿಸಿದ. ಬರೆಯಲಿಲ್ಲ. ಜಾಡಿಸಿದ. ಬರೆಯಲಿಲ್ಲ. ಕಾಯಿಲೆಯ ಹೆಸರು ಹೇಳುವ ವೈದ್ಯನಂತೆ ದನಿ ತಗ್ಗಿಸಿ, “ಅಸಲಿ,” ಎಂದ.

“ಇನ್ನೊಂದ್ಸಲ ನೋಡಿ ಅಣ್ಣಾ. ನಮ್ಮ ಮಾವ ಮದುವೇಲಿ ಕೊಟ್ಟಿದ್ದು. ನಕಲಿ ಅಂತಾನೇ ಹೇಳಿ ಕೊಟ್ಟಿದ್ರು.”

“ಎಷ್ಟು ಸಲ ನೋಡಿದ್ರೂ ಅಷ್ಟೇನಪ್ಪಾ. ಅಪ್ಪಟ ಅಸಲಿ.”

ಅಳಿಯ ಅತ್ತೆಯ ಮುಖ ನೋಡಿದ. ಅತ್ತೆ ನೆಲ ನೋಡಿದರು. ಸಾಲಿನಲ್ಲಿದ್ದವರು ಸರಿದು ಅವರಿಗೆ ದಾರಿ ಬಿಟ್ಟರು. “ಇಂಥದ್ದು ಯಾರ ಮನೆಗೂ ಬರಬಾರದು,” ಎಂದು ಹಿಂದಿದ್ದ ಒಬ್ಬಾಕೆ ತನ್ನ ಪೆನ್ನನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಮುಂದೆ ಬಂದರು.