ಹಬ್ಬಕ್ಕೆ ಎರಡು ತುಂಬುತ್ತೆ

ಟಿಕೆಟ್ ಮಾಡಿಕೊಡುತ್ತ ಪ್ರಮೋದ ಕೇಳಿದ್ದು ಸಣ್ಣ ಪ್ರಶ್ನೆ. "ಅಣ್ಣ, ಮಗೂಗೆ ಬೇರೆ ಸೀಟ್ ಹಾಕ್ಲಾ, ಇಲ್ಲ ತೊಡೆ ಮೇಲೆ ಕೂರಿಸ್ಕೋತೀರಾ?"

ಸಿದ್ದರಾಜು ಆಗ ಒಂದು ಗುಟುಕು ಕಾಫಿ ಕುಡಿದು ಯೋಚನೆ ಮಾಡಿದ್ದರೂ ಈ ಕತೆ ಹುಟ್ಟುತ್ತಿರಲಿಲ್ಲ. ಆದರೆ ತಪ್ಪು ಮಾಡುವ ವಿಷಯದಲ್ಲಿ ಅವನು ಯಾವತ್ತೂ ತಡ ಮಾಡಿದವನಲ್ಲ. "ತೊಡೆ ಮೇಲೆ," ಎಂದುಬಿಟ್ಟ.

ಅವನು ಜಿಪುಣ ಅಂದುಕೊಳ್ಳಬೇಡಿ. ಪಾಪ, ಅವನ ಕಷ್ಟವೇ ಬೇರೆ. ಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೂತು ದಿನವಿಡೀ ಊರಿನವರ ಕಣ್ಣು ಸರಿಮಾಡುವ ಸಿದ್ದರಾಜು ಸ್ವಂತ ಕಣ್ಣಿನಿಂದ ನೋಡಬೇಕೆಂದು ಆಸೆಪಟ್ಟಿದ್ದು ಒಂದನ್ನೇ: ಮೋಡವನ್ನು, ಮೇಲಿನಿಂದ. ಚಿಕ್ಕವನಿದ್ದಾಗ ಅವರ ಮನೆ ಬಿಟಿಎಂ ಲೇಔಟಿನಲ್ಲಿತ್ತು. ಹಳೇ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ತಲೆಯ ಮೇಲೇ ಹಾದುಹೋಗುತ್ತಿದ್ದ ಕಾಲ ಅದು. ತಾರಸಿಯಲ್ಲಿ ಹಪ್ಪಳ ಕಾಯಲು ಕೂರಿಸಿದರೆ ಇವನು ವಿಮಾನ ನೋಡುತ್ತ ಕೂರುತ್ತಿದ್ದ, ಹಪ್ಪಳ ಕಾಗೆ ಪಾಲಾಗುತ್ತಿತ್ತು. ಆಮೇಲೆ ಏರ್‌ಪೋರ್ಟ್ ದೇವನಹಳ್ಳಿಗೆ ಹೋಯಿತು. ಸಿದ್ದರಾಜು ಚಿಕ್ಕಲಸಂದ್ರಕ್ಕೆ ಬಂದ. ಇಬ್ಬರೂ ಒಬ್ಬರಿಗೊಬ್ಬರು ಸಿಗದಷ್ಟು ದೂರವಾದರು.

ಈಗ ನಲವತ್ತು ದಾಟಿದ ಮೇಲೆ ಯೋಗ ಕೂಡಿಬಂದಿತ್ತು. ಹೆಂಡತಿ ಕಲ್ಯಾಣಿಯ ತಂಗಿ ಶಾಲಿನಿಗೆ ದೆಹಲಿಯಲ್ಲಿ ಸೀಮಂತ. ರೈಲಿನಲ್ಲಿ ಹೋಗಿ ಬರುವಷ್ಟು ರಜೆ ಇರಲಿಲ್ಲ, ಹಾಗಾಗಿ ವಿಮಾನ. ಸಿದ್ದರಾಜು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ. ಮಗನಿಗೂ ಒಂದು ಸೀಟು ತೆಗೆದುಕೊಂಡರೆ ಕಿಟಕಿ ಪಕ್ಕ ಅವನು, ಅವನ ಪಕ್ಕ ಅವರಮ್ಮ, ಈ ಕಡೆ ಓಡಾಡುವವರ ಮೊಣಕೈ ಏಟು ತಿನ್ನುತ್ತ ತಾನು. ಮಗ ತೊಡೆಯ ಮೇಲಿದ್ದರೆ ಕಿಟಕಿ ತನ್ನದು.

ಕಲ್ಯಾಣಿ ಮೊದಲೇ ಹೇಳಿದ್ದಳು, ಮಗುವಿಗೂ ಒಂದು ಸೀಟು ತಗೊಳ್ಳಿ, ಅಷ್ಟು ಹೊತ್ತು ಅವನು ತೊಡೆಯ ಮೇಲೆ ನಿಲ್ಲುವುದಿಲ್ಲ ಅಂತ. ಅದಕ್ಕೆ ಸಿದ್ದರಾಜು ಗಂಭೀರವಾಗಿ, "ಎರಡು ತುಂಬದೇ ಇರೋ ಮಕ್ಳು ತೊಡೆ ಮೇಲೇ ಕೂರ್ಬೇಕಂತೆ ಕಣೇ. ರೂಲ್ಸು," ಎಂದ. ಅವಳು ನಂಬಿದಳು. ನಂಬಿದಳಲ್ಲ ಎಂದು ಅವನಿಗೆ ಆಗಲೇ ಒಂಥರಾ ಆಯಿತು, ಆದರೆ ಕಿಟಕಿ ನೆನಪಾಗಿ ಸಮಾಧಾನವಾಯಿತು.

ಎದುರುಮನೆಯ ಪ್ರಮೋದನಿಗೆ ಇಂಥ ಕೆಲಸವೆಲ್ಲ ಮೊಬೈಲಿನಲ್ಲಿ ಮಾಡಿಕೊಡುವ ಹವ್ಯಾಸ. "ಮಗೂದು ಡೇಟ್ ಆಫ್ ಬರ್ತ್ ಹೇಳಿ ಅಣ್ಣ," ಎಂದ.

"ಗಣೇಶನ ಹಬ್ಬದ ದಿನಾನೇ ಹುಟ್ಟಿದ್ದಲ್ವೇನೋ, ಅದಕ್ಕೇ ತಾನೇ ಗಣಪ ಅಂತ ಕರೆಯೋದು? ಈ ಹಬ್ಬಕ್ಕೆ ಎರಡು ತುಂಬುತ್ತೆ."

ಇದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಕಡುಬು ಬೇಯುವ ಹೊತ್ತಿಗೆ ಕಲ್ಯಾಣಿಗೆ ನೋವು ಶುರುವಾಗಿದ್ದು, ಬೀದಿಯ ಗಣಪತಿಯ ಮಂಗಳಾರತಿ ಬಿಟ್ಟು ಹುಡುಗರು ಆಟೋ ತಂದಿದ್ದು ಎಲ್ಲರ ಬಾಯಲ್ಲೂ ಇತ್ತು. ಹೋದ ವರ್ಷ ಹಬ್ಬದ ದಿನವೇ ಪೆಂಡಾಲಿನಲ್ಲಿ ಕೇಕ್ ಕತ್ತರಿಸಿದ್ದರು. ಪ್ರಮೋದ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬ ಯಾವತ್ತೆಂದು ನೋಡಿಕೊಂಡು ಮೊಬೈಲಿನಲ್ಲಿ ಪಟಪಟ ಒತ್ತಿದ. ಹಬ್ಬಕ್ಕೆ ಇನ್ನೂ ದಿನ ಇದೆ, ಮಗುವನ್ನು ಕೈಗೂಸು ಅಂತಲೇ ತೆಗೆದುಕೊಂಡಿತು ಅಂದ. ಸಿದ್ದರಾಜುವಿಗೆ ರೆಕ್ಕೆಯ ಹಿಂದೆ ಒಳ್ಳೆಯ ಕಿಟಕಿಯನ್ನೂ ಹಿಡಿದುಕೊಟ್ಟ.

ಹೊರಡುವ ದಿನ ಬೆಳಿಗ್ಗೆ ಮೇಲಿನ ಮನೆಯ ಇಂದ್ರಾಣಿ ಆಂಟಿ ಇಳಿದುಬಂದರು. ಅವರು ಒಮ್ಮೆ ಟೂರ್ ಕಂಪನಿಯವರ ಜೊತೆ ಸಿಂಗಾಪುರಕ್ಕೆ ಹೋಗಿಬಂದವರು. ಆ ವಿಮಾನವನ್ನು ಅವರೇ ಓಡಿಸಿದರೇನೋ ಅನ್ನುವ ಹಾಗೆ ಮಾತಾಡುತ್ತಿದ್ದರು. ಬಂದವರೇ ಕಟ್ಟಿಟ್ಟಿದ್ದ ಚೀಲ ಬಿಚ್ಚಿಸಿದರು. ತಂಗಿಯ ಮಡಿಲು ತುಂಬಲೆಂದು ಕಲ್ಯಾಣಿ ಆರಿಸಿ ಆರಿಸಿ ತಂದಿದ್ದ ಕೊಬ್ಬರಿ ಗಿಟುಕು ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. ಕೊಬ್ಬರಿಯಲ್ಲಿ ಎಣ್ಣೆ ಇದೆ, ಬೆಂಕಿ ಹತ್ತಿಕೊಳ್ಳುತ್ತೆ, ವಿಮಾನದಲ್ಲಿ ಬಿಡುವುದೇ ಇಲ್ಲ ಅಂದರು. ನಮ್ಮನೆ ಗ್ಯಾಸ್ ಒಲೆಯೇ ಒಂದು ಸಲಕ್ಕೆ ಹತ್ತಿಕೊಳ್ಳಲ್ಲ, ಕೊಬ್ಬರಿ ಹತ್ತಿಕೊಳ್ಳುತ್ತಾ ಎಂದು ಕಲ್ಯಾಣಿ ಅದನ್ನು ಮತ್ತೆ ಒಳಗೆ ತುರುಕಿದಳು.

ಆಂಟಿ ಮಗುವಿನ ಕಡೆ ತಿರುಗಿದರು. ಸೊಂಟದ ಬೆಳ್ಳಿ ಉಡಿದಾರ ಮೆಷೀನಿನಲ್ಲಿ ಕುಯ್ಯೋ ಅನ್ನುತ್ತೆ ಎಂದು ಬಿಚ್ಚಿಸಿದರು. ಗಣಪ ಅದಕ್ಕಿಂತ ಜೋರಾಗಿ ಕುಯ್ಯೋ ಅಂದ. ಮೇಲೆ ಏರುವಾಗ ಮಕ್ಕಳಿಗೆ ಕಿವಿ ಕಟ್ಟುತ್ತೆ, ಬಾಯಲ್ಲಿ ಏನಾದರೂ ಚೀಪುತ್ತಿರಬೇಕು ಎಂದು ಒಂದು ಹಿಡಿ ಲಾಲಿಪಾಪ್ ತಂದು ಸಿದ್ದರಾಜುವಿನ ಜೇಬಿಗೆ ಹಾಕಿದರು. ಮಗುವಿನ ಜನನ ಪ್ರಮಾಣಪತ್ರ ಒರಿಜಿನಲ್ಲೇ ಇಟ್ಟುಕೊಳ್ಳಿ, ವಯಸ್ಸು ಕೇಳುತ್ತಾರೆ ಅಂದರು. ಅದನ್ನಂತೂ ಸಿದ್ದರಾಜು ಎಂದೋ ಲ್ಯಾಮಿನೇಟ್ ಮಾಡಿಸಿ ದೇವರ ಪಟದ ಹಿಂದೆ ಇಟ್ಟಿದ್ದ. ಧೂಳು ಒರೆಸಿ ತೆಗೆದುಕೊಂಡ. ಓದುವುದಕ್ಕೇನಿದೆ ಅದರಲ್ಲಿ, ಮಗ ಹುಟ್ಟಿದ್ದು ತನಗೆ ಗೊತ್ತಿಲ್ಲವೇ.

"ಮಗು ತೊಡೆ ಮೇಲೆ ಕೂತು ಅಭ್ಯಾಸ ಇದ್ಯೇನ್ರೀ? ಬೆಲ್ಟ್ ಹಾಕೋವಾಗ ಗಲಾಟೆ ಮಾಡಿದ್ರೆ ಇಳಿಸಿಬಿಡ್ತಾರೆ," ಎಂದರು ಆಂಟಿ. ತಗೊಳ್ಳಿ, ಒಂದು ರಿಹರ್ಸಲ್ ಆಗಲೇಬೇಕಾಯಿತು. ಪ್ಯಾಸೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದರು. ಗ್ರಿಲ್ ಪಕ್ಕದ್ದು ಕಿಟಕಿ ಸೀಟು. ಪ್ರಮೋದ ಟ್ರೇ ಹಿಡಿದುಕೊಂಡು ಗಗನಸಖಿಯಾದ. ಆಂಟಿ ಮೂಗಿನಲ್ಲಿ ಇಂಗ್ಲಿಷು ಹೇಳುತ್ತ ವಿಮಾನ ಹೊರಡಿಸಿದರು. ಸಿದ್ದರಾಜು ಮಗನನ್ನು ಕಲ್ಯಾಣಿಯ ಹಳೇ ಸೀರೆಯೊಂದರ ಸೆರಗಿನಿಂದ ತನ್ನ ಹೊಟ್ಟೆಗೆ ಕಟ್ಟಿಕೊಂಡು ಗ್ರಿಲ್ ಪಕ್ಕ ಕೂತ.

ವಿಮಾನ ನೆಲ ಬಿಡುವ ಮೊದಲೇ ಗಣಪ ಸೆರಗಿನೊಳಗಿಂದ ಮೀನಿನ ಹಾಗೆ ಜಾರಿದ. ಅಪ್ಪನ ಭುಜ ಹಿಡಿದು ತಳ್ಳಿ, "ನಂದು, ನಂದು," ಎಂದು ಅದೇ ಕುರ್ಚಿಗೆ ಹಟ ಹಿಡಿದ. ಪಕ್ಕದ ಕುರ್ಚಿ ಕೊಟ್ಟರೆ ಬೇಡ, ಅಮ್ಮನ ತೊಡೆ ಬೇಡ. ಕೊನೆಗೆ ಸಿದ್ದರಾಜು ಎದ್ದು ನಿಂತ ಮೇಲೆಯೇ ಅವನು ಗ್ರಿಲ್ ಹಿಡಿದುಕೊಂಡು ಹಲ್ಲು ಬಿಟ್ಟ.

"ನೋಡಿ, ಅವನಿಗೂ ಒಂದು ಸೀಟ್ ಬೇಕಿತ್ತು. ಈ ರೂಲ್ಸ್ ಮಾಡಿದವರಿಗೆ ಮಕ್ಕಳಿಲ್ವೇನೋ," ಎಂದಳು ಕಲ್ಯಾಣಿ.

ಪ್ರಮೋದ ಏನೋ ಹೇಳಲು ಬಾಯಿ ತೆರೆದ. ಸಿದ್ದರಾಜು ಟ್ರೇಯಲ್ಲಿದ್ದ ಬಾಳೆಹಣ್ಣು ತೆಗೆದು ಅವನ ಬಾಯಿಗಿಟ್ಟ.

ಕ್ಯಾಬ್ ಬಂತು. ಇಡೀ ಬಿಲ್ಡಿಂಗ್ ಗೇಟಿಗೆ ಬಂದು ಕಳಿಸಿಕೊಟ್ಟಿತು. ಇವರು ದೆಹಲಿಗಲ್ಲ, ಚಂದ್ರನಿಗೇ ಹೊರಟಿದ್ದಾರೆ ಅನ್ನುವ ಹಾಗಿತ್ತು ಸಂಭ್ರಮ. ಬನಶಂಕರಿ ದಾಟುವ ಮೊದಲೇ ಗಣಪ ಒಂದು ಲಾಲಿಪಾಪ್ ಮುಗಿಸಿದ, ಹೆಬ್ಬಾಳ ದಾಟುವ ಹೊತ್ತಿಗೆ ಅದನ್ನು ಅಪ್ಪನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ವಾಪಸು ಕೊಟ್ಟ. ಸಿದ್ದರಾಜು ಬೇಜಾರು ಮಾಡಿಕೊಳ್ಳಲಿಲ್ಲ. ಬಾಟಲಿ ನೀರಿನಲ್ಲಿ ಅಂಗಿ ಒರೆಸಿಕೊಳ್ಳುತ್ತ ಆಕಾಶ ನೋಡಿದ. ಅಲ್ಲಲ್ಲಿ ಬಿಳಿ ಮೋಡ ಇತ್ತು. ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮನ್ನು ಆ ಕಡೆಯಿಂದ ನೋಡ್ತೀನಿ ಅಂದುಕೊಂಡ.

ಏರ್‌ಪೋರ್ಟಿನ ಕೌಂಟರಿನಲ್ಲಿ ಕನ್ನಡದ ಹುಡುಗಿಯೇ ಇದ್ದಳು. ಚೀಲದಲ್ಲಿ ಏನಿದೆ ಎಂದು ಕೇಳಿದಾಗ ಕಲ್ಯಾಣಿ ಕೊಬ್ಬರಿ ಅಂದಳು. ಹುಡುಗಿ ನಗುತ್ತಲೇ ಕೊಬ್ಬರಿ ಬಿಡುವುದಿಲ್ಲ ಮೇಡಂ ಅಂದಳು. ಇಂದ್ರಾಣಿ ಆಂಟಿ ಗೆದ್ದರು. ಗಿಟುಕುಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಸಿದ್ದರಾಜು ಕೈಯಲ್ಲಿ ಹಿಡಿದುಕೊಂಡ, ಯಾರಿಗಾದರೂ ಕೊಟ್ಟರಾಯಿತು ಎಂದು. ಇಷ್ಟರಲ್ಲೇ ಮುಗಿಯಿತಲ್ಲ ಅಂದುಕೊಂಡ.

ಹುಡುಗಿ ಮಗುವಿನ ವಯಸ್ಸಿನ ದಾಖಲೆ ಕೇಳಿದಳು. ಸಿದ್ದರಾಜು ಲ್ಯಾಮಿನೇಟ್ ಮಾಡಿದ್ದನ್ನು ಹೆಮ್ಮೆಯಿಂದ ಕೊಟ್ಟ. ಅವಳು ಅದನ್ನು ನೋಡಿದಳು, ಕಂಪ್ಯೂಟರ್ ನೋಡಿದಳು, ಆಮೇಲೆ ಗಣಪನನ್ನು ನೋಡಿ ಕೈಬೀಸಿದಳು.

"ಹ್ಯಾಪಿ ಬರ್ತ್‌ಡೇ ಪುಟ್ಟ. ಮೊನ್ನೆ ತಾನೇ ಎರಡು ತುಂಬಿದೆ ಇವನಿಗೆ."

"ಇಲ್ಲಮ್ಮ, ಹಬ್ಬಕ್ಕೆ ತುಂಬೋದು," ಎಂದ ಸಿದ್ದರಾಜು.

"ಯಾವ ಹಬ್ಬ ಸಾರ್?"

"ಗಣೇಶನ ಹಬ್ಬ."

ಹುಡುಗಿಗೂ ಹಬ್ಬ ಗೊತ್ತಿತ್ತು. "ಸಾರ್, ಈ ವರ್ಷ ಅಧಿಕ ಮಾಸ ಬಂದಿತ್ತಲ್ಲ, ಹಬ್ಬ ಮುಂದಕ್ಕೆ ಹೋಗಿದೆ. ತಾರೀಖು ಹೋಗಲ್ವಲ್ಲ," ಎಂದಳು ಮೆತ್ತಗೆ.

ಗಣೇಶ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತಾನೆ. ಇದು ಸಿದ್ದರಾಜುವಿಗೂ ಗೊತ್ತು, ಪ್ರಮೋದನಿಗೂ ಗೊತ್ತು. ಪ್ರಮೋದ ಈ ವರ್ಷದ ಹಬ್ಬದ ತಾರೀಖು ನೋಡಿ, ಎರಡು ವರ್ಷ ಹಿಂದಕ್ಕೆ ತಿರುಗಿಸಿ ಒತ್ತಿಬಿಟ್ಟಿದ್ದ. ದೇವರು ತಡವಾಗಿ ಬಂದರೂ ಗಣಪ ಮಾತ್ರ ಸರಿಯಾದ ದಿನಕ್ಕೆ ಎರಡು ತುಂಬಿಸಿಕೊಂಡು ಕೂತಿದ್ದ.

ಎರಡು ತುಂಬಿದ ಮಗುವಿಗೆ ಸ್ವಂತ ಸೀಟು ಇರಲೇಬೇಕು. ವಿಮಾನ ಭರ್ತಿಯಾಗಿತ್ತು. ಆಮೇಲಿನ ವಿಮಾನವೂ ಭರ್ತಿ. ಸೀಮಂತ ನಾಳೆ ಬೆಳಿಗ್ಗೆಗೆ. ಹುಡುಗಿ ಯಾರ್ಯಾರನ್ನೋ ಕೇಳಿ ಬಂದು, ಇಬ್ಬರಲ್ಲಿ ಒಬ್ಬರು ಬಿಟ್ಟುಕೊಟ್ಟರೆ ಆ ಸೀಟನ್ನು ಮಗುವಿಗೆ ಮಾಡಿಕೊಡಬಹುದು ಅಂದಳು. ತಂಗಿಯ ಸೀಮಂತಕ್ಕೆ ಅಕ್ಕ ಇಲ್ಲದೆ ಆಗುವುದಿಲ್ಲ. ಅಮ್ಮನನ್ನು ಬಿಟ್ಟು ಗಣಪ ಇರುವುದಿಲ್ಲ. ಯಾರು ಉಳಿಯಬೇಕು ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

"ಮೊದಲೇ ಅವನಿಗೆ ಸೀಟ್ ತಗೊಂಡಿದ್ರೆ ಈ ತೊಂದರೆ ಇರ್ತಿರ್ಲಿಲ್ಲ ಮೇಡಂ. ಚಿಕ್ಕ ಮಕ್ಕಳಿಗೂ ತಗೋಬಹುದು," ಎಂದಳು ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ.

ಕಲ್ಯಾಣಿ ಗಂಡನ ಕಡೆ ತಿರುಗಿದಳು. "ತೊಡೆ ಮೇಲೇ ಕೂರಿಸ್ಬೇಕು ಅಂತ ರೂಲ್ಸ್ ಅಂದ್ರಿ?"

ಸಿದ್ದರಾಜು ಕೊಬ್ಬರಿ ಕವರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಹೇಳಲು ಇನ್ನೊಂದು ಸುಳ್ಳು ಬಾಕಿ ಇದೆಯಾ ಎಂದು ಹುಡುಕಿದ, ಸಿಗಲಿಲ್ಲ. "ಕಿಟಕಿ ಪಕ್ಕ ಕೂತ್ಕೋಬೇಕು ಅಂತ ಆಸೆ ಇತ್ತು ಕಣೇ," ಎಂದ.

ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. "ಅವನ ತಾರೀಖು ನಂಗೆ ಬಾಯಿಗೇ ಬರುತ್ತೆ. ಇಂಜೆಕ್ಷನ್‌ಗೆ ಪ್ರತಿ ಸಲ ಬರೆಯೋದು ನಾನಲ್ವಾ? ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ. ಕಿಟಕಿ ನಿಮಗೇ ಬಿಡ್ತಿದ್ದೆ, ಅವನನ್ನ ನನ್ನ ಪಕ್ಕ ಕೂರಿಸ್ಕೋತಿದ್ದೆ," ಎಂದಳು. ಅಷ್ಟು ಹೇಳಿ ಮಗುವನ್ನು ಎತ್ತಿಕೊಂಡು ಹೊರಟಳು. ತಪಾಸಣೆಯ ಸಾಲಿನಿಂದ ಗಣಪ ತಿರುಗಿ ಅಪ್ಪನಿಗೆ ಟಾಟಾ ಮಾಡಿದ. ಆ ಪುಟ್ಟ ಕೈ ಜನರ ನಡುವೆ ಮರೆಯಾದ ಮೇಲೂ ಸಿದ್ದರಾಜು ಅಲ್ಲೇ ನಿಂತಿದ್ದ. ವಿಮಾನ ತಪ್ಪಿದ್ದಕ್ಕಿಂತ, ಕೇಳಿದ್ದರೆ ಸಿಗುತ್ತಿದ್ದ ಒಂದು ಕಿಟಕಿಗಾಗಿ ಹೆಂಡತಿಗೆ ಸುಳ್ಳು ಹೇಳಿದೆನಲ್ಲ ಅನ್ನುವುದೇ ಅವನನ್ನು ಹೆಚ್ಚು ಚುಚ್ಚಿತು.

ಹೊರಗೆ ಬಂದು, ಬೇಲಿಯಾಚೆಯ ಆಕಾಶ ಕಾಣುವ ಒಂದು ಜಾಗ ಹುಡುಕಿ ನಿಂತ. ಅವರ ವಿಮಾನ ಯಾವುದು ಎಂದು ಗೊತ್ತಾಗದೆ, ಮೂರು ನಾಲ್ಕು ಗಂಟೆ ಅಲ್ಲೇ ನಿಂತು, ಹಾರಿದ ಎಲ್ಲ ವಿಮಾನಗಳಿಗೂ ಕೈಬೀಸಿದ.

ಆಮೇಲೆ ಬನಶಂಕರಿಯ ಏರ್‌ಪೋರ್ಟ್ ಬಸ್ಸು ಹತ್ತಿದ. ಕಂಡಕ್ಟರ್ ಇವನ ಮುಖ ನೋಡಿ ಕನಿಕರಪಟ್ಟನೋ ಏನೋ, "ಆ ಕಿಟಕಿ ಪಕ್ಕ ಖಾಲಿ ಇದೆ ಸಾರ್, ಕೂತ್ಕೊಳ್ಳಿ," ಎಂದ. ಸಿದ್ದರಾಜು ಕೂತ. ಕೊಬ್ಬರಿಯ ಒಂದು ಚೂರು ಕಡಿದು ಅಗಿಯತೊಡಗಿದ. ರಸ್ತೆಯುದ್ದಕ್ಕೂ ನೆಟ್ಟ ಗಿಡ, ಜಾಹೀರಾತು, ಮತ್ತೆ ಗಿಡ. ಮೋಡ ಮಾಮೂಲಿನ ಹಾಗೆ ಮೇಲೆಯೇ ಇತ್ತು.

ಹೆಬ್ಬಾಳದ ಹತ್ತಿರ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಿದ್ದಾಗ ಕಲ್ಯಾಣಿಯ ಫೋನ್ ಬಂತು. ಇಳಿದೆವು, ಶಾಲಿನಿಯ ಮನೆಯವರು ಕರೆದುಕೊಂಡು ಹೋಗಲು ಬಂದಿದ್ದಾರೆ ಅಂದಳು. ದನಿಯಲ್ಲಿ ಕೋಪ ಕಾಣಲಿಲ್ಲ. ಧೈರ್ಯ ಮಾಡಿ ಕೇಳಿದ, "ಗಣಪ ಕಿಟಕಿಯಿಂದ ನೋಡಿದ್ನಾ? ಮೋಡ ಹೆಂಗಿತ್ತಂತೆ?"

"ಎಲ್ಲಿ ನೋಡ್ತಾನೆ? ಹೊರಗೆ ನೋಡಿ ಹೆದರ್ಕೊಂಡು ಕಿರುಚಿದ. ಬೆಲ್ಟ್ ಬಿಚ್ಚಬಹುದು ಅಂದಿದ್ದೇ ತಡ, ನನ್ನ ತೊಡೆ ಹತ್ತಿದೋನು ದೆಹಲಿ ಬರೋವರೆಗೂ ಇಳೀಲಿಲ್ಲ. ಹಂಗೇ ನಿದ್ದೆ."

"ಮತ್ತೆ ಆ ಸೀಟು?"

"ಖಾಲಿ ಇತ್ತು. ಅವನ ಬಟ್ಟೆ ಬ್ಯಾಗ್ ಇಟ್ಟಿದ್ದೆ." ಆಮೇಲೆ ಅವಳೇ, "ರಾತ್ರಿಗೆ ಸಾರು ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೊಳ್ಳಿ," ಎಂದು ಇಟ್ಟಳು.

ಸಿದ್ದರಾಜು ಫೋನನ್ನು ಜೇಬಿಗೆ ಹಾಕಿದ. ಬಟ್ಟೆ ಬ್ಯಾಗು ಮೋಡ ನೋಡಿಕೊಂಡು ದೆಹಲಿಗೆ ಹೋಗಿತ್ತು. ಅವನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಮುಂದಿನ ಸ್ಟಾಪಿನಲ್ಲಿ ಒಬ್ಬ ಹೆಂಗಸು ಮಗು ಎತ್ತಿಕೊಂಡು ಹತ್ತಿ ಅವನ ಪಕ್ಕ ಕೂತಳು. ಮಗು ಕೂತ ಕ್ಷಣದಿಂದ ಅವನ ಮೈಮೇಲೆ ಬಾಗಿ ಕಿಟಕಿಗೆ ಕೈ ಚಾಚುತ್ತಿತ್ತು.

"ಅಣ್ಣ, ತಪ್ಪು ತಿಳ್ಕೋಬೇಡಿ, ಸ್ವಲ್ಪ ಈ ಕಡೆ ಬರ್ತೀರಾ? ಕಿಟಕಿ ಕೊಡ್ದಿದ್ರೆ ಬಸ್ಸನ್ನೇ ತಲೆ ಮೇಲೆ ಹೊತ್ಕೋತಾನೆ," ಎಂದಳು ಆಕೆ.

ಸಿದ್ದರಾಜು ಎದ್ದು ಜಾಗ ಬಿಟ್ಟುಕೊಟ್ಟ. ಜೇಬಿನಿಂದ ಒಂದು ಲಾಲಿಪಾಪ್ ತೆಗೆದು ಮಗುವಿನ ಕೈಗಿಟ್ಟು, ಎಷ್ಟು ವರ್ಷ ಇವನಿಗೆ ಎಂದು ಕೇಳಿದ.

"ದೀಪಾವಳಿಗೆ ಎರಡು ತುಂಬುತ್ತೆ," ಎಂದಳು ಆಕೆ.

"ದೀಪಾವಳಿ ಬೇಡ ಅಕ್ಕ," ಎಂದ ಸಿದ್ದರಾಜು. "ತಾರೀಖು ನೆನಪಿಟ್ಕೊಳ್ಳಿ."